ರಾತ್ರಿ ಕ್ರೇನ್ ಹತ್ತುವವರು, ಹಗಲು ಕ್ರೇನ್ ಹತ್ತುವವರು

1/8
ಹೋದ ವಾರ ಒಂದು ಮೆಸೇಜ್ ಬಂತು. ಕಳಿಸಿದವನು ರಾಣೇಬೆನ್ನೂರಿನ ಹುಡುಗ, ಪಿಯುಸಿ ಎರಡನೇ ವರ್ಷ. ಗಳಗನಾಥದ ಗುಡಿ ಬಗ್ಗೆ ಸರಣಿ ಹಾಕಿದಾಗ ಪ್ರತಿ ಕಂತಿಗೂ ತಪ್ಪದೆ ಕಮೆಂಟ್ ಮಾಡಿದವ. ಈ ಸಲ ಒಂದು ರೀಲ್ ಕಳಿಸಿದ್ದ. ಯಾವುದೋ ದೇಶದ ಹುಡುಗ, ನಡುರಾತ್ರಿ, ಟವರ್ ಕ್ರೇನಿನ ತುದಿಗೆ ಒಂದೇ ಕೈಯಲ್ಲಿ ಜೋತು ಬಿದ್ದಿದ್ದಾನೆ. ಕೆಳಗೆ ಊರಿಗೆ ಊರೇ ಕೆಂಡ ಹಾಸಿದಂಗ ಹೊಳೀತೈತಿ.

ಅದರ ಕೆಳಗೆ ಬರೆದಿದ್ದ: "ಅಣ್ಣಾ, ದಸರಾ ಸೂಟಿಗೆ ಬೆಂಗಳೂರಿಗೆ ಹೊಂಟೇವಿ. ನಿಮ್ಮ ಮಾಮಾ ಕ್ರೇನ್ ಮ್ಯಾಲೆ ಕೆಲಸ ಮಾಡ್ತಾರಂತಲ್ಲ. ರಾತ್ರಿ ಒಳಗ ಬಿಡ್ತಾರೇನು, ಸ್ವಲ್ಪ ಕೇಳ್ರಿ."

ರೂಢಿಯಂತೆ ಒಂದು ಹಾರ್ಟ್ ಒತ್ತಿಬಿಟ್ಟೆ. ಆಮೇಲೆ ತೆಗೆದೆ. ಹೂಂ ಅನ್ನೋಕೂ ಆಗಲಿಲ್ಲ, ಊಹೂಂ ಅನ್ನೋಕೂ ಆಗಲಿಲ್ಲ. ಇದು ಇತಿಹಾಸದ ಪೇಜು, ನನಗೆ ಬರೋದು ಅದೊಂದೇ. ಅದಕ್ಕೆ ಈ ಸಲ ಗುಡಿ, ವೀರಗಲ್ಲು ಬಿಟ್ಟು ಎತ್ತರದ ಇತಿಹಾಸ ಬರೀತೀನಿ. ಎಂಟು ಕಂತು, ದಿನಾ ರಾತ್ರಿ 9ಕ್ಕೆ. ಬೈಯೋಕೆ ಕುಂತಿಲ್ಲ, ಹೆದರಬೇಡಿ. ನಾನೂ ಹತ್ತಿದವನೇ. ಆ ಕತೆ 7ನೇ ಕಂತಿಗೆ ಬರುತ್ತೆ.

2/8
ದಸರಾ ಸೂಟಿ ಅಂದನಲ್ಲ, ಅಲ್ಲಿಂದಲೇ ಶುರು ಮಾಡೋಣ.

ಈ ಫೋಟೋ ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದ್ದು. ನಮ್ಮಲ್ಲಿ ಅರ್ಧ ಜನ ಇಲ್ಲಿಗೆ ಅವ್ವನ ಕಂಕುಳಲ್ಲೇ ಹೋಗಿ ಬಂದಿರ್ತೀರಿ. ನವರಾತ್ರಿಯಲ್ಲಿ ಮಾಲತೇಶನ ಕಾರಣಿಕ ಆಗೋದು ಇಲ್ಲೇ. ಹೊಳೆ ಆಚೆ, ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆ ಜಾತ್ರೆಯೊಳಗೆ ಆಗೋದೂ ಇಂಥದ್ದೇ. ಉಪವಾಸ ಇದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಸರಸರ ಏರುತ್ತಾನೆ. ತುದಿಯಲ್ಲಿ ನಿಂತು "ಸದ್ದಲೇ" ಅಂತ ಕೂಗಿದ ಕೂಡಲೇ ಲಕ್ಷ ಬಾಯಿ ಒಮ್ಮೆಗೇ ಮುಚ್ಚುತ್ತವೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನೋಡಿದ್ದು. ಆ ಮೌನದಲ್ಲಿ ಪಕ್ಕದಲ್ಲಿದ್ದ ಎತ್ತಿನ ಕೊರಳ ಗಂಟೆ ಕೇಳಿಸಿತ್ತು. ಒಂದೇ ಒಂದು ಸಾಲು ನುಡಿದು ಗೊರವಯ್ಯ ಮೇಲಿಂದ ಕೈಬಿಡುತ್ತಾನೆ. ಆ ಸಾಲಿನ ಅರ್ಥ ಮಳೆ ಬಗ್ಗೆಯೋ, ಸರ್ಕಾರದ ಬಗ್ಗೆಯೋ ಅಂತ ಊರವರು ವರ್ಷವಿಡೀ ಜಗಳಾಡ್ತಾರೆ.

ನಂಬಿಕೆ ವಿಚಾರ ಪಕ್ಕಕ್ಕಿಡಿ. ಫೋಟೋ ಝೂಮ್ ಮಾಡಿ, ಮೇಲಿರೋನನ್ನ ಬಿಟ್ಟು ಕೆಳಗೆ ನೋಡಿ. ಬಿಲ್ಲಿನ ಬುಡದಲ್ಲಿ ಗೊರವರು ಕೈ ಚಾಚಿ ನಿಂತಿದ್ದಾರೆ. ಬೀಳುವವನನ್ನು ಹಿಡಿಯೋದು ಅವರ ಕೆಲಸ. ಅವನು ಏರೋದು ಎಷ್ಟು ಹಳೆಯ ಪದ್ಧತಿಯೋ ಅವರು ಹಿಡಿಯೋದೂ ಅಷ್ಟೇ ಹಳೆಯದು. ನೀವು ಜಾತ್ರೆಯಲ್ಲಿ ತೆಗೆದ ವಿಡಿಯೋಗಳನ್ನ ಮತ್ತೊಮ್ಮೆ ನೋಡಿ, ಎಲ್ಲರ ಕ್ಯಾಮೆರಾನೂ ಮೇಲೇ ಇರ್ತದೆ.

3/8
ಈಗ ಒಂದು ದೊಡ್ಡ ಜಿಗಿತ. ಇಂಗ್ಲೆಂಡಿನ ಕೇಂಬ್ರಿಜ್.

ರಾತ್ರಿ ಹೊತ್ತು ಕದ್ದು ಕಟ್ಟಡ ಹತ್ತೋದು ಇನ್‌ಸ್ಟಾಗ್ರಾಂ ಹುಟ್ಟಿಸಿದ ಹುಚ್ಚು ಅಂತ ನಾನು ತಿಳಿದಿದ್ದೆ. ತಪ್ಪು. ಜೆಫ್ರಿ ವಿಂತ್ರಾಪ್ ಯಂಗ್ ಅನ್ನೋ ಕೇಂಬ್ರಿಜ್‌ನ ಪರ್ವತಾರೋಹಿ ಟ್ರಿನಿಟಿ ಕಾಲೇಜಿನ ಚಾವಣಿಗಳನ್ನ ಹತ್ತೋ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಅದು 19ನೇ ಶತಮಾನ ಮುಗಿಯುವ ಹೊತ್ತು. ಹೆಸರು ಹಾಕದೇ ಅಚ್ಚು ಹಾಕಿಸಿದ. ಬರೆದ ಧಾಟಿ ಮಾತ್ರ ಆಲ್ಪ್ಸ್ ಪರ್ವತದ ಗೈಡ್‌ಬುಕ್ಕಿನದ್ದು! 1937ರಲ್ಲಿ "ದಿ ನೈಟ್ ಕ್ಲೈಂಬರ್ಸ್ ಆಫ್ ಕೇಂಬ್ರಿಜ್" ಬಂತು, ಅದಕ್ಕೂ ಸುಳ್ಳು ಹೆಸರು: ವಿಪಲ್‌ಸ್ನೇಯ್ತ್. ಅದರಲ್ಲಿ ಫೋಟೋಗಳಿವೆ. ಆಗಿನ ಫ್ಲ್ಯಾಶ್ ಹೊತ್ತುಕೊಂಡು, ಕತ್ತಲಲ್ಲಿ, ಪೊಲೀಸರ ಕಣ್ಣು ತಪ್ಪಿಸಿ ತೆಗೆದವು. ಅಂದ್ರೆ ಹತ್ತೋದಕ್ಕೂ ಫೋಟೋಕ್ಕೂ ನಂಟು ಆಗಲೇ ಬೆಸೆದಿತ್ತು. ಒಂದೇ ವ್ಯತ್ಯಾಸ, ಅವರು ಹೆಸರು ಮುಚ್ಚಿಟ್ಟರು. ನಾವು ಟ್ಯಾಗ್ ಮಾಡ್ತೀವಿ.

ನನಗೆ ಎಲ್ಲಕ್ಕಿಂತ ಇಷ್ಟವಾದ್ದು 1958ರ ಜೂನ್ ತಿಂಗಳ ಕಿತಾಪತಿ. ಎಂಜಿನಿಯರಿಂಗ್ ಹುಡುಗರು ಸೇರಿ ರಾತ್ರೋರಾತ್ರಿ ಒಂದು ಆಸ್ಟಿನ್ ಸೆವೆನ್ ಕಾರನ್ನ ಸೆನೆಟ್ ಹೌಸ್ ಅನ್ನೋ ಕಟ್ಟಡದ ಚಾವಣಿ ಮೇಲೆ ಇಟ್ಟುಬಿಟ್ಟರು. ಹೆಂಗೆ? ಸಾರುವೆ ಕಂಬ, ಹಗ್ಗ, ರಾಟೆ ಕೂಡಿಸಿ ತಾವೇ ಒಂದು ಕ್ರೇನ್ ಮಾಡಿದ್ದರು. ಇಳಿಸೋಕೆ ಪೊಲೀಸರು, ಅಗ್ನಿಶಾಮಕದವರು ಹೆಚ್ಚುಕಡಿಮೆ ಒಂದು ವಾರ ಒದ್ದಾಡಿ, ಕಡೆಗೆ ಕಾರನ್ನ ತುಂಡು ತುಂಡು ಮಾಡಿ ಕೆಳಗೆ ತಂದರು. ಸಿವಿಲ್ ಓದುವ ನನ್ನ ದೋಸ್ತರು ಐಡಿಯಾ ತಗೋಬಾರದಾಗಿ ವಿನಂತಿ.

ಇನ್ನು "ಅರ್ಬನ್ ಎಕ್ಸ್‌ಪ್ಲೊರೇಷನ್" ಅನ್ನೋ ಮಾತು ಹರಡಿದ್ದು ಟೊರೊಂಟೋದ ಜೆಫ್ ಚಾಪ್‌ಮನ್ 1996ರಲ್ಲಿ ಶುರು ಮಾಡಿದ ಒಂದು ಸಣ್ಣ ಪತ್ರಿಕೆಯಿಂದ. ಅವನಿಗೂ ಗುಪ್ತನಾಮ ಇತ್ತು. ಹೋಗಬಾರದು ಅಂದ ಜಾಗಕ್ಕೆ ಹೋಗೋದೇ ಪತ್ರಿಕೆಯ ವಿಷಯ. 2005ರಲ್ಲಿ ತೀರಿಕೊಂಡ. ಬಿದ್ದು ಅಲ್ಲ, ಕ್ಯಾನ್ಸರ್‌ನಿಂದ.

4/8
ನಮ್ಮ ಕಡೆ ಎತ್ತರ ಹತ್ತೋದನ್ನ ಜನರ ತಲೆಯೊಳಗೆ ಕೂರಿಸಿದ್ದು ಸಿನಿಮಾ.

1923ರ "ಸೇಫ್ಟಿ ಲಾಸ್ಟ್" ಮೂಕಿ ಚಿತ್ರದಲ್ಲಿ ಕನ್ನಡಕದ ಹ್ಯಾರಲ್ಡ್ ಲಾಯ್ಡ್ ಗೋಡೆ ಗಡಿಯಾರದ ಮುಳ್ಳು ಹಿಡಿದು ನೇತಾಡ್ತಾನೆ. ಫೋಟೋ ಎಲ್ಲೋ ಒಂದು ಕಡೆ ನೋಡೇ ಇರ್ತೀರಿ. ಅದರ ಹಿಂದಿನ ಗುಟ್ಟು ಎರಡು. 1919ರಲ್ಲಿ ಒಂದು ಫೋಟೋ ತೆಗೆಸಿಕೊಳ್ಳುವಾಗ ಆಟದ್ದು ಅಂದುಕೊಂಡ ಬಾಂಬು ಸಿಡಿದು ಅವನ ಬಲಗೈಯ ಹೆಬ್ಬೆರಳು, ತೋರುಬೆರಳು ಹೋಗಿದ್ದವು. ಗಡಿಯಾರಕ್ಕೆ ಜೋತುಬಿದ್ದಿದ್ದು ಎಂಟು ಬೆರಳಿನ ಮನುಷ್ಯ. ಎರಡನೇದು, ಆ ಗೋಡೆ ಒಂದು ಕಟ್ಟಡದ ಚಾವಣಿ ಮೇಲೆ ಕಟ್ಟಿದ ಸೆಟ್ಟು. ಕ್ಯಾಮೆರಾಗೆ ಕಾಣದಂಗ ಕೆಳಗೆ ಹಾಸಿಗೆ ಹಾಸಿದ್ದರು. ದೇವರಗುಡ್ಡದ ಗೊರವರು ಅಲ್ಲೂ ಇದ್ದರು ಅಂತಿಟ್ಟುಕೊಳ್ಳಿ.

ಆಮೇಲೆ 1975ರ "ಶೋಲೆ". ಶೂಟಿಂಗ್ ಆಗಿದ್ದು ನಮ್ಮ ರಾಮನಗರದಲ್ಲೇ. ಕುಡಿದ ವೀರು ನೀರಿನ ಟ್ಯಾಂಕ್ ಹತ್ತಿ ಇಡೀ ಊರನ್ನ ಕೆಳಗೆ ಸೇರಿಸ್ತಾನಲ್ಲ, ಅದು ನಗೋ ಸೀನು. ಆದರೆ ಅವತ್ತಿಂದ ಇವತ್ತಿನ ತನಕ ಬೆಳೆ ಪರಿಹಾರಕ್ಕೆ, ಕೆಲಸಕ್ಕೆ, ಪ್ರೀತಿಗೆ, ಓವರ್‌ಹೆಡ್ ಟ್ಯಾಂಕೋ ಮೊಬೈಲ್ ಟವರೋ ಹತ್ತಿ ಕೂತವರ ಸುದ್ದಿ ಪೇಪರಿನ ಒಳಪುಟದಲ್ಲಿ ನಿಂತೇ ಇಲ್ಲ. ಅವರು ಯಾರೂ ವ್ಯೂ ನೋಡೋಕೆ ಹತ್ತಿದವರಲ್ಲ. ನೆಲದ ಮೇಲೆ ನಿಂತು ಅರ್ಜಿ ಕೊಟ್ಟಾಗ ತಲೆಯೆತ್ತದ ಸಾಹೇಬರು, ಟವರ್ ಹತ್ತಿದ ಕೂಡಲೇ ಜೀಪು ಹತ್ತಿ ಬರ್ತಾರೆ. ಎತ್ತರಕ್ಕೆ ಆ ಬೆಲೆ ಇದೆ ಅಂತ ಅವರಿಗೆ ಗೊತ್ತು.

ಮತ್ತೆ 2016ರ ನವೆಂಬರ್ 7. "ಮಾಸ್ತಿಗುಡಿ" ಸಿನಿಮಾದ ಕ್ಲೈಮ್ಯಾಕ್ಸ್, ತಿಪ್ಪಗೊಂಡನಹಳ್ಳಿ ಕೆರೆ. ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಹಾರಿದರು. ನಾಯಕ ನಟ ಬದುಕಿದರು. ಅನಿಲ್, ಉದಯ್ ಇಬ್ಬರೂ ಮುಳುಗಿದರು, ಲೈಫ್ ಜಾಕೆಟ್ ಇರಲಿಲ್ಲ. ಆ ಕ್ಲಿಪ್ ಟಿವಿಯಲ್ಲಿ ದಿನಗಟ್ಟಲೆ ಓಡಿತು. ನಾವು ಆಗ ಸಣ್ಣವರು, ಅಪ್ಪ ಚಾನೆಲ್ ಬದಲಿಸಿದ್ದು ನೆನಪಿದೆ. ಇದರ ಬಗ್ಗೆ ಇನ್ನೇನೂ ಬರೆಯೋಲ್ಲ.

5/8
ಇವತ್ತು ಕ್ರೇನ್. ಈ ಕಂತು ಸ್ವಲ್ಪ ಉದ್ದ ಆಗುತ್ತೆ, ತಪ್ಪು ಮಾಮಾನದ್ದು. ಒಂದು ಫೋನ್ ಮಾಡಿದೆ, ಒಂದು ತಾಸು ಬಿಡಲಿಲ್ಲ.

ಹಾವೇರಿಯಲ್ಲಿ ನಾವು ಕ್ರೇನ್ ಅಂದ್ರೆ ಹೈಡ್ರಾ. ಹೈವೇ ಮೇಲೆ ಲಾರಿ ಮಗುಚಿದಾಗ ಬರುತ್ತಲ್ಲ, ಅದು. 2023ರ ಮಳೆಗಾಲದಲ್ಲಿ ಸವಣೂರಿನ ದೊಡ್ಡಹುಣಸೆ ಮರ ಬಿತ್ತು, ಮೂರರಲ್ಲಿ ಒಂದು. ಅದನ್ನ ಮತ್ತೆ ಎತ್ತಿ ನೆಟ್ಟಾಗ ನಮ್ಮ ಜಿಲ್ಲೆಯವರು ಭಾರ ಎತ್ತೋ ಯಂತ್ರಕ್ಕೆ ಮೊದಲ ಸಲ ಕೈಮುಗಿದರು ಅನ್ಸುತ್ತೆ. ಟವರ್ ಕ್ರೇನ್ ಬೇರೆ ಜಾತಿ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಊರುಗಳು ನೆಲಸಮ ಆಗಿದ್ದವು, ಬೇಗ ಮನೆ ಕಟ್ಟಬೇಕಿತ್ತು. ಮನೆಗೆಲಸದ ಗುತ್ತಿಗೆ ಮಾಡ್ತಿದ್ದ ಹಾನ್ಸ್ ಲೀಬ್ಹೆರ್ 1949ರಲ್ಲಿ ಸಾಗಿಸಿಕೊಂಡು ಹೋಗಿ ಬೇಗ ನಿಲ್ಲಿಸಬಹುದಾದ ಟವರ್ ಕ್ರೇನ್ ಮಾಡಿದ. ಇವತ್ತಿಗೂ ಆ ಹೆಸರು ಕ್ರೇನ್‌ಗಳ ಮೇಲೆ ನೋಡ್ತೀರಿ.

ಕೆಲಸ ಮಾಡೋ ರೀತಿ ನಮ್ಮಜ್ಜಂದಿರ ಏತದ್ದೇ. ನಡುವೆ ಕಂಬ, ಅದು ಮಾಸ್ಟ್. ಮುಂದಕ್ಕೆ ಉದ್ದ ಕೈ, ಅದು ಜಿಬ್. ಹಿಂದಕ್ಕೆ ಗಿಡ್ಡ ಕೈ, ಅದರ ಮೇಲೆ ಕಾಂಕ್ರೀಟ್ ಭಾರ. ಕೊಂಡಿ ಕಂಬದ ಹತ್ತಿರ ಇದ್ದರೆ ಜಾಸ್ತಿ ಭಾರ ಎತ್ತುತ್ತೆ, ತುದಿಗೆ ಹೋದಷ್ಟೂ ಕಡಿಮೆ. ಕಟ್ಟಡ ಬೆಳೆದಂಗ ಜ್ಯಾಕ್ ಹಚ್ಚಿ ಮೇಲಿನ ಭಾಗ ಎತ್ತಿ, ನಡುವೆ ಹೊಸ ಮಾಸ್ಟ್ ತುಂಡು ಸೇರಿಸ್ತಾರೆ. ಅಂದ್ರ ಕ್ರೇನ್ ತನ್ನನ್ನ ತಾನೇ ಹತ್ತತೈತಿ!

ಈಗ ರೀಲ್ಸಿನಲ್ಲಿ ಯಾರೂ ಹೇಳದ ಒಂದು ವಿಷಯ. ಸಂಜೆ ಆಪರೇಟರ್ ಇಳಿಯುವಾಗ ಆ ಉದ್ದ ಕೈ ತಿರುಗದಂಗೆ ಬಿಗಿದು ಬರ್ತಾನೆ ಅಂತ ನೀವು ಅಂದುಕೊಂಡಿರ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಉಲ್ಟಾ. ಬ್ರೇಕ್ ಸಡಿಲ ಬಿಟ್ಟು ಬರ್ತಾನೆ. ಬಿಗಿದಿಟ್ಟರೆ ಅಡ್ಡ ಬೀಸೋ ಗಾಳಿ ಇಡೀ ಕೈಗೆ ಬಡಿದು ಕ್ರೇನನ್ನೇ ಕೆಡವಬಹುದು. ಅದಕ್ಕೆ ರಾತ್ರಿಯೆಲ್ಲಾ ಕ್ರೇನ್ ಗಾಳಿ ಹೋದ ಕಡೆ ತಾನೇ ತಿರುಗ್ತಾ ಇರುತ್ತೆ, ತೇರಿನ ಮೇಲಿನ ಬಾವುಟ ಇದ್ದಂಗ. ನೆಲದ ಮೇಲೆ ಗಾಳಿಯೇ ಇಲ್ಲ ಅನ್ನಿಸಿದಾಗಲೂ ಮೇಲೆ ಇರುತ್ತೆ. ಬೆಳಗಿನ ಜಾವ ಕಬ್ಬಿಣದ ಮೇಲೆ ಇಬ್ಬನಿ ಬೇರೆ. ಕೆಳಗಿಂದ ನೋಡೋರಿಗೆ ಮಲಗಿದಂಗ ಕಾಣೋ ಕ್ರೇನ್ ರಾತ್ರಿಯೇ ಹೆಚ್ಚು ಎಚ್ಚರ ಇರ್ತದ, ಅಂದ ಮಾಮಾ.

ಎರಡನೇ ಸ್ಲೈಡ್ ನಿಮಗೆ ಗೊತ್ತಿರೋದೇ. 1932ರ ಸೆಪ್ಟೆಂಬರ್ 20, ನ್ಯೂಯಾರ್ಕಿನ ರಾಕ್‌ಫೆಲರ್ ಸೆಂಟರ್, 69ನೇ ಮಹಡಿ. ತೊಲೆ ಮೇಲೆ ಸಾಲಾಗಿ ಕೂತು ಬುತ್ತಿ ಬಿಚ್ಚಿದ 11 ಕೆಲಸಗಾರರು. ಎಷ್ಟೋ ಹೋಟೆಲಿನ ಗೋಡೆ ಮೇಲೆ ಈ ಫೋಟೋ ಇರುತ್ತೆ. ಕಟ್ಟಡದ ಪ್ರಚಾರಕ್ಕೆ ಅಂತ ಕೂರಿಸಿ ತೆಗೆಸಿದ್ದು ಅದು. ಕಟ್ಟಿಸಿದವನ ಹೆಸರು ಕಟ್ಟಡದ ಮೇಲೇ ಇದೆ. ಕೂತ 11 ಜನರಲ್ಲಿ ಹೆಚ್ಚಿನವರು ಯಾರು ಅನ್ನೋದು 90 ವರ್ಷ ಕಳೆದರೂ ಖಚಿತ ಆಗಿಲ್ಲ.

6/8
ಆ ಹುಡುಗ ಕಳಿಸಿದಂಥ ರೀಲ್ಸ್‌ಗಳಿಗೆಲ್ಲಾ ಅಜ್ಜನಂಥದ್ದು ಒಂದು ವಿಡಿಯೋ ಇದೆ. 2014, ಶಾಂಘೈ ಟವರ್. ಚೀನೀ ಹೊಸ ವರ್ಷದ ರಜೆ, ಸೈಟಿನಲ್ಲಿ ಕೆಲಸ ನಿಂತಿತ್ತು, ಕಾವಲೂ ಸಡಿಲ. ವಾದಿಮ್ ಮಖೊರೊವ್, ವಿಟಾಲಿ ರಸ್ಕಾಲೊವ್ ಅನ್ನೋ ಇಬ್ಬರು ಮಧ್ಯರಾತ್ರಿ ಒಳಗೆ ನುಸುಳಿದರು. 120ನೇ ಮಹಡಿ ತನಕ ನಡೆದೇ ಹೋಗೋಕೆ ಸುಮಾರು ಎರಡು ತಾಸು. ಮೋಡ ಸರಿಯಲಿ ಅಂತ ಕಟ್ಟಡದೊಳಗೇ ಮಲಗಿ, ಎದ್ದು, ಹತ್ತಿರಹತ್ತಿರ 18 ತಾಸು ಕಾದರು. ಆಮೇಲೆ ತುದಿಯಲ್ಲಿದ್ದ ಕ್ರೇನಿನ ಕೈ ಹತ್ತಿದರು, 650 ಮೀಟರ್ ಎತ್ತರ. ಕೋಟಿಗಟ್ಟಲೆ ಜನ ನೋಡಿದರು. ಸುಳ್ಳು ಹೇಳಲ್ಲ, ಮೋಡದ ಮೇಲೆ ಕಬ್ಬಿಣದ ತುದಿಯೊಂದೇ ಕಾಣೋ ಆ ನೋಟ ಈಗಲೂ ನನ್ನ ಹೊಟ್ಟೆಯೊಳಗೆ ಏನೋ ಮಾಡುತ್ತೆ.

ಮೂರು ವರ್ಷಕ್ಕೆ, ಅದೇ ಚೀನಾದ ಚಾಂಗ್ಶಾ ಊರು. ವು ಯೊಂಗ್‌ನಿಂಗ್, 26 ವರ್ಷ. ಮೊದಲು ಸಿನಿಮಾದಲ್ಲಿ ಸಣ್ಣಪುಟ್ಟ ಪಾತ್ರ, ಸ್ಟಂಟ್ ಮಾಡ್ತಿದ್ದವ. ಆಮೇಲೆ ಹಗ್ಗ ಇಲ್ಲದೆ ಕಟ್ಟಡ ಹತ್ತಿ ವಿಡಿಯೋ ಹಾಕಿ ದುಡಿಯೋಕೆ ಶುರು ಮಾಡಿದ. 2017ರ ನವೆಂಬರ್ 8ರಂದು 62 ಮಹಡಿಯ ಕಟ್ಟಡದ ಅಂಚಿಗೆ ಕೈ ಕೊಟ್ಟು ಪುಲ್‌ಅಪ್ ಮಾಡ್ತಿದ್ದ. ಎದುರಿಗೆ ಅವನೇ ಇಟ್ಟ ಕ್ಯಾಮೆರಾ. ಮತ್ತೆ ಮೇಲೆ ಬರೋಕೆ ಆಗಲಿಲ್ಲ. ಅವನ ಖಾತೆಯಲ್ಲಿ ಹೊಸದೇನೂ ಬರಲಿಲ್ಲ ಅಂತ ಫಾಲೋವರ್ಸ್ ಹುಡುಕೋಕೆ ಶುರು ಮಾಡಿದರು, ಸಾವಿನ ಸುದ್ದಿ ಹರಡಿದ್ದು ತಿಂಗಳಾದ ಮೇಲೆ. ತಾಯಿಯ ಔಷಧಿಗೆ ಹಣ ಬೇಕಿತ್ತು ಅಂತ ಪತ್ರಿಕೆಗಳು ಬರೆದವು. ತಾಯಿ ಕೇಸು ಹಾಕಿದರು. 2019ರಲ್ಲಿ ಬೀಜಿಂಗ್ ಇಂಟರ್ನೆಟ್ ಕೋರ್ಟು, ವಿಡಿಯೋ ಹಾಕಿಸಿಕೊಂಡ ಆ್ಯಪಿನದ್ದೂ ಹೊಣೆ ಇದೆ ಅಂದು 30,000 ಯುವಾನ್ ಕೊಡಿಸಿತು. ನಮ್ಮ ದುಡ್ಡಿನಲ್ಲಿ ಆಗ ಮೂರು ಲಕ್ಷದ ಆಸುಪಾಸು.

ಎತ್ತರದ ಇತಿಹಾಸದಲ್ಲಿ ಈ ಕೋರ್ಟಿನ ತೀರ್ಪು ನನಗೆ ಶಾಂಘೈ ವಿಡಿಯೋಕ್ಕಿಂತ ದೊಡ್ಡದು. ಬಿಲ್ಲಿನ ಕೆಳಗೆ ಕೈಚಾಚಿ ನಿಲ್ಲೋರು ಯಾರು ಅನ್ನೋ ಪ್ರಶ್ನೆಯನ್ನ ಒಂದು ಕಂಪನಿಗೆ ಕೇಳಿದ್ದು ಅದು.

7/8
ಇದನ್ನ ಬರೆದು, ಅಳಿಸಿ, ಮತ್ತೆ ಬರೆದೆ. ಫೋಟೋ ಇಲ್ಲ, ಬರೀ ಕಪ್ಪು ಸ್ಲೈಡ್. ಯಾಕಂತ ಕೊನೆಗೆ ಗೊತ್ತಾಗುತ್ತೆ.

ನಮ್ಮ ಮಾಮಾ ಬ್ಯಾಡಗಿ ತಾಲೂಕಿನವ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಚೀಲ ಹೊರ್ತಿದ್ದ. ಎತ್ತರದ ನಿಟ್ಟಿನ ಮೇಲೆ ಬೆನ್ನಿಗೆ ಚೀಲ ಹೊತ್ತು ಏರೋದು ಅವನಿಗೆ ಮೆಟ್ಟಿಲು ಹತ್ತಿದಂಗ. ಸೀಸನ್ ಮುಗಿದರೆ ಕೆಲಸ ಇಲ್ಲ. ಬೆಂಗಳೂರಿಗೆ ಹೋದ, ಮೊದಲು ಸೆಂಟ್ರಿಂಗ್, ಆಮೇಲೆ ಕೆಳಗೆ ನಿಂತು ಕ್ರೇನಿಗೆ ಸಿಗ್ನಲ್ ಕೊಡೋ ಕೆಲಸ, ಆಮೇಲೆ ಕಲಿತು ಆಪರೇಟರ್ ಆದ.

ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅವನ ಶೆಡ್ಡಿನಲ್ಲಿ ಒಂದು ತಿಂಗಳು ಇದ್ದೆ. ಭಾನುವಾರ ರಾತ್ರಿ, ಮಾಮಾ ಮಲಗಿದ್ದ. ನಾನು, ನನ್ನದೇ ವಯಸ್ಸಿನ ಇನ್ನೊಬ್ಬ. ಎಷ್ಟು ಹತ್ತಿದ್ವಿ ಅಂತ ಲೆಕ್ಕ ಇಡಲಿಲ್ಲ, ತುದಿಗಂತೂ ಹೋಗಲಿಲ್ಲ. ಬೆವರಿದ ಕೈಯಲ್ಲಿ ಫೋನ್ ತೆಗೆದೆ, ಒಂದು ಫೋಟೋ. ಅಷ್ಟರಲ್ಲಿ ತಲೆ ಮೇಲೆ ಹಳೇ ಗಾಣ ತಿರುಗಿದಂಥ ಸದ್ದು. ಆ ಉದ್ದ ಕೈ ನಿಧಾನ ತಿರುಗ್ತಿತ್ತು. ಯಾರೋ ಮೇಲೆ ಕೂತು ಕ್ರೇನ್ ನಡೆಸ್ತಿದ್ದಾರೆ ಅಂದುಕೊಂಡೆ. ಬ್ರೇಕಿನ ವಿಷಯ ಆಗ ಗೊತ್ತಿರಲಿಲ್ಲ. ಕಂಬಕ್ಕೆ ಎದೆ ಹಚ್ಚಿ ಎಷ್ಟು ಹೊತ್ತು ನಿಂತೆ ಅಂತಲೂ ಗೊತ್ತಿಲ್ಲ. ಇಳಿಯುವಾಗ ಹತ್ತಿದ್ದಕ್ಕಿಂತ ಮೂರು ಪಟ್ಟು ಹೊತ್ತು ಹಿಡೀತು.

ಫೋಟೋ ಹಾಕಿದೆ. 212 ಲೈಕ್. ನಿಮ್ಮಲ್ಲಿ ಕೆಲವರು ಬೆಂಕಿ ಎಮೋಜಿ ಹಾಕಿದ್ದಿರಿ.

ಬುಧವಾರ ಸೈಟಿನವರ ಕಣ್ಣಿಗೆ ಬಿತ್ತು. ಮುಖ ಕಾಣಿಸ್ತಿರಲಿಲ್ಲ, ಹಿಂದಿನ ಬೋರ್ಡು ಕಾಣಿಸ್ತಿತ್ತು. ಅವತ್ತು ರಾತ್ರಿ ಗೇಟಿನಲ್ಲಿದ್ದ ವಾಚ್‌ಮನ್ ಅಜ್ಜನನ್ನ ಕೆಲಸದಿಂದ ತೆಗೆದರು. ಕೊಪ್ಪಳ ಕಡೆಯವರು. ದಿನಾ ಸಂಜೆ ನನ್ನನ್ನ ಕರೆದು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಡ್ತಿದ್ದರು. ಮಾಮಾನನ್ನೂ ಎರಡು ದಿನ ಕೆಲಸಕ್ಕೆ ಹತ್ತಿಸಲಿಲ್ಲ, ಪಗಾರ ಕಟ್.

ಮಾಮಾ ಹೊಡೆಯಲಿಲ್ಲ. "ತೋರಸು" ಅಂತ ಫೋನ್ ಇಸಿದುಕೊಂಡ. ಬಹಳ ಹೊತ್ತು ನೋಡಿದ. "ಬೆಳಕು ಚಲೋ ಬಂದೈತಿ" ಅಂದ. ಆಮೇಲೆ, "ನಡಿ, ಅಜ್ಜನ ಟ್ರಂಕ್ ಒಯ್ದು ಬಸ್ಸಿಗೆ ಹಾಕಿ ಬಾ."

ಮೆಜೆಸ್ಟಿಕ್ ತನಕ ಟ್ರಂಕ್ ಹೊತ್ತೆ. ಯಾವ ಹುಡುಗರು ಹತ್ತಿದ್ದು ಅಂತ ಅಜ್ಜನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಬಸ್ ಹೊರಡುವ ಮುಂಚೆ ಕಿಟಕಿಯಿಂದ ಹತ್ತು ರೂಪಾಯಿ ನೋಟು ಚಾಚಿ, "ಚಾ ಕುಡಿ ತಮ್ಮಾ, ದಣದೀದಿ" ಅಂದರು. ಫೋಟೋ ಅವತ್ತೇ ಡಿಲೀಟ್ ಮಾಡಿದೆ. ಈ ಮಾತು ಮೊದಲ ಸಲ ಇಲ್ಲೇ ಹೇಳ್ತಿರೋದು.

8/8
ನಿನ್ನೆಯ ಕಂತಿಗೆ ಬಂದ ಮೆಸೇಜ್‌ಗಳಿಗೆಲ್ಲಾ ಉತ್ತರ ಕೊಡೋಕಾಗಿಲ್ಲ, ಕ್ಷಮಿಸಿ. "ಹಂಗಾದ್ರ ಹತ್ತೋದೇ ತಪ್ಪಾ?" ಅಂತ ನಾಲ್ಕು ಜನ ಕೇಳಿದ್ದೀರಿ. ಅಲ್ಲ ಮಾರಾಯ್ರೆ.

ಎನ್‌ಹೆಚ್ 48 ಹಿಡಿದು ದಾವಣಗೆರೆ ದಾಟಿದರೆ ಚಿತ್ರದುರ್ಗ. ಕೋಟೆಯಲ್ಲಿ ಹಗ್ಗ ಇಲ್ಲದೆ ಗೋಡೆ ಏರುವ ಜ್ಯೋತಿರಾಜ್ ಅವರನ್ನ ಎಲ್ಲರೂ ಕೋತಿರಾಜ್ ಅಂತಾರೆ. ಮೊದಲು ಅವರೂ ಕಟ್ಟಡ ಕೆಲಸದವರೇ. ಕೋತಿಗಳನ್ನ ನೋಡಿ ನೋಡಿ ಹತ್ತೋದು ಕಲಿತೆ ಅಂತಾರೆ. ಹಾಡಹಗಲು, ಜನರ ಎದುರಿಗೇ ಹತ್ತೋದು. ಅವರನ್ನ ನೋಡಿ ಚಪ್ಪಾಳೆ ಹೊಡೀರಿ, ನಕಲು ಬೇಡ. ನಕಲೇ ಮಾಡಬೇಕಂದ್ರೆ ಬಾದಾಮಿಗೆ ಹೋಗಿ. ಆ ಕೆಂಪು ಮರಳುಗಲ್ಲಿನ ಬಂಡೆಗಳನ್ನ ಹತ್ತೋಕೆ ಹೊರದೇಶದಿಂದ ಬರ್ತಾರೆ. "ಗಣೇಶ" ಅಂತ ಹೆಸರಿಟ್ಟ ಒಂದು ದಾರಿ ದೇಶದಲ್ಲೇ ಅತಿ ಕಷ್ಟದವುಗಳಲ್ಲಿ ಒಂದು. ಬಂಡೆಗೆ ಬೋಲ್ಟ್ ಇರುತ್ತೆ, ಸೊಂಟಕ್ಕೆ ಹಗ್ಗ, ಆ ಹಗ್ಗದ ಇನ್ನೊಂದು ತುದಿ ಕೆಳಗೆ ನಿಂತವನ ಕೈಯಲ್ಲಿ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯವರು ಕಲಿಸ್ತಾರೆ. ಬೆಂಗಳೂರಿನಲ್ಲೇ ಬೇಕಂದ್ರೆ ಕಂಠೀರವ ಕ್ರೀಡಾಂಗಣದಲ್ಲಿ ಹತ್ತುವ ಗೋಡೆ ಇದೆ.

ಇವತ್ತಿನ ಫೋಟೋ ಮಾಮಾನೇ ಕಳಿಸಿದ್ದು, ಮುಖ ಬೇಡ ಅಂದ, ಅದಕ್ಕೆ ಕೈ ಮಾತ್ರ. ಬೆಳಿಗ್ಗೆ ಕ್ಯಾಬಿನ್ ಒಳಗೆ ಕೂತು ತೆಗೆದದ್ದು. ಎಡಕ್ಕೆ ಟಿಫಿನ್ ಡಬ್ಬಿ, ಬಲಕ್ಕೆ ಎರಡು ನೀರಿನ ಬಾಟಲಿ. ಒಮ್ಮೆ ಹತ್ತಿದರೆ ಊಟಕ್ಕೂ ಇಳಿಯೋದಿಲ್ಲ. ಕೆಳಗೆ ಮಂಜಿನೊಳಗೆ ಸಿಗ್ನಲ್ ಕೊಡುವ ಹುಡುಗನ ಕೇಸರಿ ಜಾಕೆಟ್ ಒಂದು ಚುಕ್ಕಿಯಷ್ಟು ಕಾಣುತ್ತೆ, ಹುಡುಕಿ. ಏಣಿ ಹತ್ತುವಾಗ ಇಷ್ಟು ವರ್ಷ ಆದರೂ ಮೆಟ್ಟಿಲು ಎಣಿಸ್ತಾನಂತೆ. ಯಾಕೆ ಮಾಮಾ ಅಂದ್ರೆ, "ಇಳೀವಾಗ ಅಷ್ಟೇ ಅದಾವೋ ಇಲ್ಲೋ ನೋಡಬೇಕಲ್ಲ" ಅಂತ ನಕ್ಕ.

ರಾಣೇಬೆನ್ನೂರಿನ ಹುಡುಗನಿಗೆ ಉತ್ತರ ಬರೆದೆ: "ತಮ್ಮಾ, ಮಾಮಾ ದಸರಾಕ್ಕೆ ಊರಿಗೆ ಬರ್ತಾನ. ಬೆಂಗಳೂರಿಗೆ ಹೋಗೋ ಮುಂಚೆ ಬ್ಯಾಡಗಿ ಬಸ್ ಸ್ಟ್ಯಾಂಡಿಗೆ ಬಾ, ಅವನ್ನೇ ಕೇಳು. ಸಂಜಿಮುಂದ ಮೂವರೂ ದೇವರಗುಡ್ಡಕ್ಕ ಹೋಗೋಣ."

ಇನ್ನೂ ಸೀನ್ ಆಗಿಲ್ಲ.